ಲಿನ್‌ಲಿತ್‌ಗೋ ಹೈ ಸ್ಟ್ರೀಟಿನ ಹಳೇ ಕಲ್ಲುಮನೆ: ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಮಲೆನಾಡ ಮಳೆ
ಎಲ್ಲರಿಗೂ ನಮಸ್ಕಾರ. ಕೆಲಸ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ, ಮನೆ ಹತ್ತಿರದ ಲಿನ್‌ಲಿತ್‌ಗೋದಲ್ಲಿ ಮಾಡೋಣ ಅಂತ ಯೋಚನೆ. ಎರಡು ಮನೆ ಹಿಡಿಸಿವೆ. ಒಂದು, ಹೈ ಸ್ಟ್ರೀಟಿನ ದಕ್ಷಿಣ ಮಗ್ಗುಲಲ್ಲಿ ಹಳೇ ಕಲ್ಲಿನ ಕಟ್ಟಡದ ಮೇಲ್ಮಹಡಿ ಫ್ಲಾಟ್. ಎರಡು ಬೆಡ್‌ರೂಮು, ಕಟ್ಟಡದ ಕೆಳಗೆ ಅಂಗಡಿ, ‘ಆಫರ್ಸ್ ಓವರ್’ (ಇದಕ್ಕಿಂತ ಮೇಲಿನ ಬೆಲೆ ಬರೆದುಕೊಡಿ ಅಂತ) 2,45,000 ಪೌಂಡ್. ಇನ್ನೊಂದು ಸ್ಪ್ರಿಂಗ್‌ಫೀಲ್ಡ್ ಕಡೆಯ ಸಾಲುಮನೆ, ಅಷ್ಟೇನೂ ಹಳೇದಲ್ಲ, ಫಿಕ್ಸೆಡ್ ಪ್ರೈಸ್. ಮಗಳಿಗೆ ನಾಲ್ಕು ವರ್ಷ. ಹಳೇ ಕಟ್ಟಡ, ಅಡುಗೆಮನೆ ಹಬೆ, ಪಾಲುದಾರಿಕೆ, ತೆರಿಗೆ, ಶಾಲೆ, ಯಾವುದರ ಬಗ್ಗೆಯಾದರೂ ಗೊತ್ತಿರೋರು ಹೇಳಿ. ಮೈಸೂರಿನಲ್ಲಿ ಹೆಂಡತಿ ಹೆಸರಲ್ಲಿ ಒಂದು ಫ್ಲಾಟ್, ನನ್ನ ಹೆಸರಲ್ಲಿ ಖಾಲಿ ಸೈಟ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಕಾಲುವೆ ದಂಡೆ
ಮೊದಲು ಊರಿನ ನೆಲ ಅರ್ಥ ಮಾಡ್ಕೊಳ್ಳಿ. ಉತ್ತರಕ್ಕೆ ಕೆರೆ, ಅದರ ದಡದ ದಿಬ್ಬದ ಮೇಲೆ ಅರಮನೆ. 1542ರಲ್ಲಿ ಸ್ಕಾಟರ ರಾಣಿ ಮೇರಿ ಹುಟ್ಟಿದ್ದು ಅಲ್ಲೇ. ಅದರ ದಕ್ಷಿಣಕ್ಕೆ ಪೂರ್ವ ಪಶ್ಚಿಮವಾಗಿ ಹೈ ಸ್ಟ್ರೀಟ್. ಅದರ ಬೆನ್ನಿಗೆ 1842ರ ರೈಲು ಹಳಿ. ಹಳಿ ದಾಟಿ ಏರು ಹತ್ತಿದರೆ 1822ರ ಯೂನಿಯನ್ ಕಾಲುವೆ. ಹೈ ಸ್ಟ್ರೀಟಿನ ಮನೆಗಳ ಹಿಂದೆ ಉದ್ದುದ್ದ ಕಿರಿದಾದ ಹಿತ್ತಲುಗಳಿವೆ, ಇಲ್ಲಿಯವರು ‘ರಿಗ್’ ಅಂತಾರೆ. ಮಧ್ಯಯುಗದ ನಿವೇಶನಗಳ ಅಳತೆ ಇವತ್ತಿಗೂ ಹಾಗೇ ಉಳಿದಿದೆ. ಉತ್ತರ ಮಗ್ಗುಲಿನ ರಿಗ್ ಕೆರೆಗೆ ಇಳಿಯುತ್ತೆ, ದಕ್ಷಿಣ ಮಗ್ಗುಲಿನದು ಹಳಿ ಕಡೆ ಏರುತ್ತೆ.

ನೀವು ನೋಡಿರೋ ಫ್ಲಾಟು ದಕ್ಷಿಣ ಮಗ್ಗುಲಿನದು ಅಂದ್ರಲ್ಲ, ಅಲ್ಲಿ ಬಿಸಿಲಿನ ಲೆಕ್ಕ ಹಾಕಲೇಬೇಕು. ಊರು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡು ಮಧ್ಯಾಹ್ನ ಸೂರ್ಯ ದಿಗಂತದಿಂದ ಹತ್ತೂವರೆ ಡಿಗ್ರಿ ಮಾತ್ರ ಮೇಲಿರ್ತಾನೆ, ಜೂನ್‌ನಲ್ಲಿ ಐವತ್ತೇಳು ಡಿಗ್ರಿ. ಹಿಂದೆ ಏರು, ಅದರ ಮೇಲೆ ಮರಗಳಿದ್ದರೆ ನವೆಂಬರಿನಿಂದ ಜನವರಿವರೆಗೆ ಹಿಂದಿನ ಕೋಣೆಗೆ ಬಿಸಿಲೇ ಬೀಳದೆ ಇರಬಹುದು. ಮುಂದಿನ ಕಿಟಕಿಗಳು ಉತ್ತರಕ್ಕಿರೋದರಿಂದ ಅಲ್ಲಿ ಚಳಿಗಾಲದ ಬಿಸಿಲಿನ ಮಾತೇ ಇಲ್ಲ. ಜೂನ್‌ನಲ್ಲಿ ಹಗಲು ಹದಿನೇಳೂವರೆ ಗಂಟೆ, ಡಿಸೆಂಬರ್‌ನಲ್ಲಿ ಏಳೇ ಗಂಟೆ. ಬೇಸಿಗೆಯಲ್ಲಿ ಮನೆ ನೋಡಿದವರು ಈ ವಿಷಯದಲ್ಲಿ ಮೋಸಹೋಗ್ತಾರೆ. ಫೋನಿನಲ್ಲಿ ಸೂರ್ಯನ ದಾರಿ ತೋರಿಸೋ ಆ್ಯಪ್ ಹಾಕ್ಕೊಂಡು ಪ್ರತಿ ಕಿಟಕಿ ಮುಂದೆ ನಿಂತು ಡಿಸೆಂಬರ್ ತಿಂಗಳ ಗೆರೆ ನೋಡಿ.

ರೈಲು ಈ ಊರಿನ ದೊಡ್ಡ ಅನುಕೂಲ. ಎಡಿನ್‌ಬರಾದ ವೇವರ್ಲಿ ಸ್ಟೇಷನ್ನಿಗೆ ಸುಮಾರು 20 ನಿಮಿಷ, ಗ್ಲಾಸ್ಗೋ ಕ್ವೀನ್ ಸ್ಟ್ರೀಟಿಗೆ ಅರ್ಧ ಗಂಟೆ. 2025ರ ಸೆಪ್ಟೆಂಬರಿನಿಂದ ಸ್ಕಾಟ್‌ರೈಲ್‌ನಲ್ಲಿ ಪೀಕ್ ದರ (ಜನಜಂಗುಳಿ ಹೊತ್ತಿನ ಹೆಚ್ಚಿನ ದರ) ತೆಗೆದುಹಾಕಿದ್ದಾರೆ, ಬೆಳಿಗ್ಗೆ ಎಂಟಕ್ಕೆ ಹೋದರೂ ಅದೇ ಟಿಕೆಟು. ಆದರೆ ಹಿಂದಿನ ಬೆಡ್‌ರೂಮು ಹಳಿಗೆ ಎಷ್ಟು ಹತ್ತಿರ ಅಂತ ನೋಡ್ಕೊಳ್ಳಿ. ಕಾರಿನವರಿಗೆ ಇನ್ನೊಂದು ಮಾತು: ಎಂ9 ಹೆದ್ದಾರಿಯ ಮೂರನೇ ಜಂಕ್ಷನ್ ಎಡಿನ್‌ಬರಾ ದಿಕ್ಕಿಗೆ ಮಾತ್ರ. ಸ್ಟರ್ಲಿಂಗ್ ಕಡೆ ಹೋಗೋರು ಪಶ್ಚಿಮದ ನಾಲ್ಕನೇ ಜಂಕ್ಷನ್‌ವರೆಗೆ ಹೋಗಬೇಕು, ಆ ಗಾಡಿಗಳಲ್ಲಿ ಬಹಳಷ್ಟು ಹೈ ಸ್ಟ್ರೀಟ್ ಮೇಲೇ ಹಾಯ್ತವೆ.

ದಸ್ತಾವೇಜು
ಮೈಸೂರಿನ ಫ್ಲಾಟಿಗೂ ಇದಕ್ಕೂ ಸಂಬಂಧ ಇದೆ, ಅದೂ ದೊಡ್ಡ ಸಂಬಂಧ. ಅದರಿಂದಲೇ ಶುರು ಮಾಡ್ತೀನಿ.

ಸ್ಕಾಟ್ಲೆಂಡಿನಲ್ಲಿ ಮನೆ ಕೊಂಡರೆ ಎಲ್‌ಬಿಟಿಟಿ ಅನ್ನೋ ತೆರಿಗೆ ಕಟ್ಟಬೇಕು. 1,45,000 ಪೌಂಡ್‌ವರೆಗೆ ಸೊನ್ನೆ, ಅಲ್ಲಿಂದ 2,50,000ದವರೆಗೆ ಶೇ. 2, ಅಲ್ಲಿಂದ 3,25,000ದವರೆಗೆ ಶೇ. 5, ಅದಕ್ಕೂ ಮೇಲೆ ಶೇ. 10 ಮತ್ತು 12ರ ಹಂತಗಳು. ಜಗತ್ತಿನಲ್ಲಿ ಎಲ್ಲೂ ಮನೆಯ ಮಾಲೀಕರಾಗಿರದವರು ಮೊದಲ ಬಾರಿ ಕೊಂಡರೆ ಸೊನ್ನೆ ಹಂತ 1,75,000ಕ್ಕೆ ಏರುತ್ತೆ.

ಇದರ ಮೇಲೆ ಎಡಿಎಸ್ ಅನ್ನೋ ಹೆಚ್ಚುವರಿ ತೆರಿಗೆ ಇದೆ. 2024ರ ಡಿಸೆಂಬರಿನಿಂದ ಅದು ಪೂರ್ತಿ ಬೆಲೆಯ ಶೇ. 8. ಈ ಖರೀದಿ ಮುಗಿಯೋ ದಿನ ನಿಮ್ಮ ಕೈಯಲ್ಲಿ ಇನ್ನೊಂದು ವಾಸದ ಮನೆ ಇದ್ದು, ಅದರಲ್ಲಿ ನಿಮ್ಮ ಪಾಲಿನ ಮೌಲ್ಯ 40,000 ಪೌಂಡ್ ಅಥವಾ ಮೇಲಿದ್ದರೆ ಇದು ಬೀಳುತ್ತೆ. ಆ ಮನೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕಿದೆ. ಗಂಡ ಹೆಂಡತಿಯನ್ನ ಒಂದೇ ಘಟಕ ಅಂತ ನೋಡೋದರಿಂದ ‘ಅದು ನನ್ನ ಹೆಸರಲ್ಲಿಲ್ಲ’ ಅನ್ನೋ ಮಾತು ನಡೆಯಲ್ಲ.

2,60,000ಕ್ಕೆ ಮನೆ ಆಯ್ತು ಅಂದ್ಕೊಳ್ಳಿ. ಮಾಮೂಲಿ ತೆರಿಗೆ 2,600. ಎಡಿಎಸ್ 20,800. ಒಟ್ಟು 23,400 ಪೌಂಡ್, ಬ್ಯಾಂಕು ಸಾಲ ಕೊಡದ ದುಡ್ಡು ಇದು. ಖಾಲಿ ಸೈಟು ವಾಸದ ಮನೆ ಅಲ್ಲ, ಆದರೆ ಅಲ್ಲಿ ಕಟ್ಟಡದ ಕೆಲಸ ಶುರುವಾಗಿದ್ದರೆ ಸಾಲಿಸಿಟರಿಗೆ (ಖರೀದಿ ಕಾಗದಪತ್ರ ನೋಡೋ ವಕೀಲರಿಗೆ) ಹೇಳಿ. ಊರಲ್ಲಿ ಅಣ್ಣತಮ್ಮಂದಿರ ಜೊತೆ ಪಿತ್ರಾರ್ಜಿತ ಮನೆಯಲ್ಲಿ ಪಾಲಿದ್ದರೂ ಹೇಳಿ. ಆಫರ್ ಹಾಕೋ ಮುಂಚೆ ಹೇಳಬೇಕು, ಆಮೇಲೆ ಅಲ್ಲ.

ಮಲೆನಾಡ ಮಳೆ
ಇದು ಗೊತ್ತೇ ಇರಲಿಲ್ಲ, ತುಂಬಾ ಉಪಕಾರ ಆಯ್ತು. ಫ್ಲಾಟಿನ ಮೌಲ್ಯ 40,000 ಪೌಂಡ್ ದಾಟುತ್ತೆ. ಹಾಗಾದರೆ ಆಫರ್ ಎಷ್ಟಕ್ಕೆ ಹಾಕಬಹುದು ಅನ್ನೋದೇ ಬದಲಾಗುತ್ತೆ. ಆಫರ್ ಒಪ್ಪಿದ ಮೇಲೆ ಹಿಂದೆ ಸರಿಯೋಕಾಗಲ್ಲ ಅಂತಾರಲ್ಲ, ಹೌದಾ?

ದಸ್ತಾವೇಜು
ಬಾಯಿಮಾತಿನ ಒಪ್ಪಿಗೆಗೆ ಬಲ ಇಲ್ಲ. ಎರಡೂ ಕಡೆಯ ಸಾಲಿಸಿಟರುಗಳು ‘ಮಿಸಿವ್ಸ್’ ಅನ್ನೋ ಪತ್ರಗಳನ್ನ ವಿನಿಮಯ ಮಾಡ್ಕೊಂಡು ಅದು ಮುಗಿದ ಮೇಲೆ ಇಬ್ಬರಿಗೂ ಕಟ್ಟುಪಾಡು. ಮುಗಿಯೋವರೆಗೆ ಯಾರು ಬೇಕಾದರೂ ಬಿಡಬಹುದು, ಮುಗಿದ ಮೇಲೆ ಬಿಟ್ಟರೆ ನಷ್ಟ ತುಂಬಿಕೊಡಬೇಕಾಗುತ್ತೆ.

ಕ್ರಮ ಹೀಗೆ. ಮಾರೋರು ಹೋಮ್ ರಿಪೋರ್ಟ್ ಕೊಡಬೇಕು. ಸರ್ವೆ, ಎನರ್ಜಿ ವರದಿ, ಮಾಲೀಕರ ಪ್ರಶ್ನಾವಳಿ ಮೂರೂ ಅದರಲ್ಲಿರುತ್ತೆ. ಸರ್ವೆಯಲ್ಲಿ ಪ್ರತಿ ಭಾಗಕ್ಕೂ 1, 2, 3 ಅಂತ ದರ್ಜೆ ಹಾಕಿರ್ತಾರೆ. 3 ಅಂದರೆ ತುರ್ತು ರಿಪೇರಿ. ಹಳೇ ಕಟ್ಟಡದಲ್ಲಿ 2 ಸಾಮಾನ್ಯ, ಆದರೆ ‘ರೂಫಿಂಗ್’, ‘ರೇನ್‌ವಾಟರ್ ಫಿಟಿಂಗ್ಸ್’, ‘ಡ್ಯಾಂಪ್‌ನೆಸ್’ ಮೂರಕ್ಕೂ ಒಟ್ಟಿಗೆ 2 ಬಂದಿದ್ದರೆ ಒಂದರಿಂದ ಒಂದು ಹುಟ್ಟಿದೆ ಅಂತ ತಿಳ್ಕೊಳ್ಳಿ. ಮನೆ ಇಷ್ಟ ಆದರೆ ಸಾಲಿಸಿಟರ್ ಕಡೆಯಿಂದ ‘ನೋಟ್ ಆಫ್ ಇಂಟರೆಸ್ಟ್’ (ನಮಗೆ ಆಸಕ್ತಿ ಇದೆ ಅನ್ನೋ ಸೂಚನೆ) ಹಾಕಿಸಿ. ಹಲವರು ಹಾಕಿದ್ದರೆ ‘ಕ್ಲೋಸಿಂಗ್ ಡೇಟ್’ ಇಡ್ತಾರೆ, ಎಲ್ಲರೂ ಒಂದೊಂದು ಗುಟ್ಟಿನ ಬೆಲೆ ಬರೆದು ಕೊಡಬೇಕು. ಸಾಲ ಸಿಗೋದು ಹೋಮ್ ರಿಪೋರ್ಟಿನ ಮೌಲ್ಯದ ಮೇಲೆ. ಮೌಲ್ಯ 2,50,000 ಇದ್ದು ನೀವು 2,60,000 ಬರೆದರೆ ಮೇಲಿನ 10,000 ನಿಮ್ಮ ಕೈಯಿಂದ ನಗದು.

ಗಾರೆ ಕರಣಿ
ಕಲ್ಲಿನ ಕೆಲಸದ ಕಡೆಯಿಂದ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

1919ಕ್ಕಿಂತ ಹಿಂದಿನ ಇಲ್ಲಿಯ ಕಟ್ಟಡಗಳ ಗೋಡೆ ಸಾಮಾನ್ಯವಾಗಿ 600 ಮಿಲಿಮೀಟರ್ ದಪ್ಪದ ಮರಳುಗಲ್ಲು. ಒಳಗೆ ಹೊರಗೆ ಎರಡು ಪದರ ಕಲ್ಲು, ನಡುವೆ ಸಣ್ಣ ಕಲ್ಲು ಮತ್ತು ಸುಣ್ಣದ ಗಾರೆ. ಒಳಗಡೆ ಗೋಡೆಗೆ ಅಂಟಿಸದೆ ಸ್ವಲ್ಪ ಸಂದಿ ಬಿಟ್ಟು ಮರದ ಪಟ್ಟಿ ಹೊಡೆದು ಅದರ ಮೇಲೆ ಗಿಲಾವು ಮಾಡಿರ್ತಾರೆ. ಮಳೆಗೆ ಗೋಡೆ ನೆನೆಯುತ್ತೆ, ಗಾಳಿ ಬಂದಾಗ ಗಾರೆಯ ಸಂದಿನಿಂದ ನೀರು ಆವಿಯಾಗಿ ಹೋಗುತ್ತೆ. ಮೊದಲು ಸವೆಯಬೇಕಾದ್ದು ಗಾರೆ, ಕಲ್ಲಲ್ಲ. ಕೆಲವು ದಶಕಕ್ಕೊಮ್ಮೆ ಗಾರೆ ತುಂಬಿದರೆ ಮುಗೀತು.

ಕೆಡೋದು ಎಲ್ಲಿ ಅಂದರೆ ಆ ಸಂದಿಗೆ ಯಾರೋ ಸಿಮೆಂಟ್ ತುಂಬಿದಾಗ. ಸಿಮೆಂಟಿನಿಂದ ನೀರು ಹೊರಗೆ ಬರಲ್ಲ, ಹಾಗಾಗಿ ಕಲ್ಲಿನ ಮುಖದಿಂದಲೇ ಬರಬೇಕಾಗುತ್ತೆ. ಅದರ ಜೊತೆ ಬಂದ ಲವಣ ಮುಖದ ಹಿಂದೆ ಹರಳುಗಟ್ಟುತ್ತೆ, ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುತ್ತೆ, ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಗುರುತು ಸುಲಭ: ಬೂದು ಬಣ್ಣದ ಗಟ್ಟಿ ಗೆರೆಗಳು ಚೌಕಟ್ಟಿನ ಹಾಗೆ ಮುಂದಕ್ಕೆ ನಿಂತಿರ್ತವೆ, ನಡುವಿನ ಕಲ್ಲು ಹಿಂದಕ್ಕೆ ತಿಂದುಹೋಗಿರುತ್ತೆ. ಬೆರಳಲ್ಲಿ ಉಜ್ಜಿದರೆ ಮರಳು ಬರುತ್ತೆ.

ಸರಿ ಮಾಡೋದು ಹೇಗೆ? ಸಿಮೆಂಟನ್ನ ಉಳಿಯಿಂದ ತೆಗೀಬೇಕು. ಕಟಿಂಗ್ ಮೆಷಿನ್ ಹಿಡಿದರೆ ಕಲ್ಲಿನ ಅಂಚು ಹೋಯ್ತು ಅಂತಲೇ. ಆಳ ಸಂದಿನ ಅಗಲದ ಎರಡರಷ್ಟಾದರೂ ಇರಬೇಕು, 25 ಮಿ.ಮೀ.ಗೆ ಕಡಿಮೆ ಬೇಡ. ಧೂಳು ತೆಗೆದು ನೀರು ಚಿಮುಕಿಸಬೇಕು. ನೈಸರ್ಗಿಕ ಹೈಡ್ರಾಲಿಕ್ ಸುಣ್ಣ (ಎನ್‌ಎಚ್‌ಎಲ್) ಒಂದು ಪಾಲು, ಒರಟು ಮರಳು ಎರಡೂವರೆಯಿಂದ ಮೂರು ಪಾಲು. ಮೃದುವಾದ ಕಲ್ಲಿಗೆ ಎನ್‌ಎಚ್‌ಎಲ್ 2, ಮಳೆ ಹೊಡೆತ ಜೋರಿರೋ ಕಡೆ 3.5. ಗಾರೆ ಬಿಗಿಯಾಗ್ತಿದ್ದ ಹಾಗೆ ಗಟ್ಟಿ ಬ್ರಷ್ಷಿನಿಂದ ಬಡಿದು ಮೇಲ್ಮೈ ಒರಟು ಮಾಡಬೇಕು. ಆಮೇಲೆ ಒದ್ದೆ ಗೋಣಿತಾಟು ಕಟ್ಟಿ ಒಂದು ವಾರವಾದರೂ ಬಿಸಿಲು, ಗಾಳಿ, ಹಿಮದಿಂದ ಕಾಪಾಡಬೇಕು. 5 ಡಿಗ್ರಿಗಿಂತ ಕೆಳಗೆ ಈ ಕೆಲಸ ಮುಟ್ಟಬಾರದು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಬೇಕು ಅನ್ನೋದು ಅದಕ್ಕೇ. ನವೆಂಬರಿನಲ್ಲಿ ಮಾಡಿಕೊಡ್ತೀನಿ ಅಂತ ಬಂದವರನ್ನ ವಾಪಸ್ ಕಳಿಸಿ.

ಸೂರು: ಸ್ಲೇಟುಗಳನ್ನ ಇಲ್ಲಿ ರೀಪಿನ ಮೇಲಲ್ಲ, ಇಡೀ ಮಾಡಿಗೆ ಹೊಡೆದ ಹಲಗೆಗಳ ಮೇಲೆ ಮೊಳೆಯಿಂದ ಕೂರಿಸ್ತಾರೆ. ಕೆಳಸಾಲಿನಲ್ಲಿ ದೊಡ್ಡ ಸ್ಲೇಟು, ಮೇಲೇರಿದ ಹಾಗೆ ಸಣ್ಣದು. ಹಳೇ ಸ್ಕಾಟಿಷ್ ಸ್ಲೇಟು ಹೊಸದಾಗಿ ಬರಲ್ಲ. ಬಾಲಹೂಲಿಷ್ ಗಣಿ 1955ರಲ್ಲೇ ಮುಚ್ಚಿತು. ಹಾಗಾಗಿ ಇರೋದನ್ನ ತೆಗೆದು ಮತ್ತೆ ಕೂರಿಸೋದೇ ದಾರಿ. ಸ್ಲೇಟಿಗಿಂತ ಮೊದಲು ಹೋಗೋದು ಮೊಳೆ. ಎಲ್ಲೋ ಒಂದು ಜಾರಿದ್ದರೆ ರಿಪೇರಿ ಸಾಕು. ಸೂರಿನ ತುಂಬಾ ಅಲ್ಲಲ್ಲಿ ಜಾರಿದ್ದರೆ ಮೊಳೆಗಳೇ ತುಕ್ಕು ತಿಂದಿವೆ, ಇಡೀ ಸೂರು ಬಿಚ್ಚಿ ಹಾಕೋ ಕಾಲ ಬಂದಿದೆ. ಒಳಗಿನಿಂದ ಫೋಮ್ ಸಿಂಪಡಿಸಿದ್ದರೆ ಆ ಮನೆಯಿಂದ ದೂರ ಇರಿ. ಹಲಗೆಯ ತೇವ ಆರಲ್ಲ, ಸಾಲ ಕೊಡೋರೂ ಹಿಂಜರೀತಾರೆ.

ಹೊಸಮನೆ ಸಾಕು
ಇಷ್ಟೆಲ್ಲಾ ಯಾಕೆ? ತೇವ ಇದ್ದರೆ ಗೋಡೆಗೆ ರಂಧ್ರ ಕೊರೆದು ಕೆಮಿಕಲ್ ತುಂಬೋ ಕಂಪನಿಗಳಿವೆ, ಇಪ್ಪತ್ತು ವರ್ಷ ಗ್ಯಾರಂಟಿ ಕೊಡ್ತಾರೆ. ಅದೂ ಬೇಡ ಅಂದ್ರೆ ಸ್ಪ್ರಿಂಗ್‌ಫೀಲ್ಡ್ ಮನೆಯೇ ಒಳ್ಳೇದು. ಟೊಳ್ಳುಗೋಡೆ, ಪಾರ್ಕಿಂಗ್ ಇದೆ, ಸೂರು ನಿಮ್ಮದೊಬ್ಬರದೇ.

ಗಾರೆ ಕರಣಿ
ಸೂರಿನ ವಿಷಯ ಒಪ್ತೀನಿ, ಕೆಮಿಕಲ್ ವಿಷಯ ಒಪ್ಪಲ್ಲ. 600 ಮಿ.ಮೀ. ದಪ್ಪದ, ಒಳಗೆ ಸಂದುಗೊಂದು ಇರೋ ಕಲ್ಲುಗೋಡೆಯಲ್ಲಿ ಆ ದ್ರವ ಒಂದೇ ಸಮ ಹರಡಲ್ಲ. ಹೆಚ್ಚಿನ ಕಡೆ ತೇವಕ್ಕೆ ಕಾರಣ ನೆಲದಿಂದ ಏರಿದ ನೀರಲ್ಲ. ಕಟ್ಟಿಕೊಂಡ ಗಟರ್, ಒಡೆದ ಇಳಿಕೊಳವೆ, ಹೊರಗೆ ಏರಿಸಿದ ನೆಲ, ಅಥವಾ ಒಳಗಿನ ಹಬೆ. ಎರಕದ ಕಬ್ಬಿಣದ ಇಳಿಕೊಳವೆ ಗೋಡೆ ಕಡೆಯ ಬೆನ್ನಿನಲ್ಲೇ ಸೀಳೋದು ಹೆಚ್ಚು, ಯಾಕೆಂದರೆ ಅಲ್ಲಿಗೆ ಪೇಂಟ್ ಬ್ರಷ್ ಹೋಗಿರಲ್ಲ. ಕೊಳವೆ ಹಿಂದಿನ ಕಲ್ಲು ಹಸಿರಾಗಿದ್ದರೆ ಒಳಗಡೆ ಸರಿಯಾಗಿ ಅದೇ ಎತ್ತರದಲ್ಲಿ ಕಲೆ ಸಿಗುತ್ತೆ. ಗಟರ್ ವರ್ಷಕ್ಕೆರಡು ಸಲ ತೆಗೀಬೇಕು, ಎಲೆ ಉದುರಿದ ಮೇಲೆ ಒಮ್ಮೆ, ವಸಂತದಲ್ಲಿ ಒಮ್ಮೆ. ಕಾರಣ ಸರಿಪಡಿಸಿದ ಮೇಲೂ ಗೋಡೆ ಆರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅವಸರಕ್ಕೆ ಒಳಗೆ ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಪೇಂಟ್ ಹೊಡೀಬೇಡಿ.

ಕೆಳಮಹಡಿ ನೋಡ್ತಿರೋರಿಗೆ ಒಂದು ಮಾತು: ಮರದ ನೆಲದ ಕೆಳಗೆ ಗಾಳಿ ಆಡೋಕೆ ಹೊರಗೋಡೆಯ ಬುಡದಲ್ಲಿ ಜಾಲರಿಗಳಿರ್ತವೆ. ಹಿತ್ತಲಿಗೆ ಮಣ್ಣು, ಕಲ್ಲುಹಾಸು ಏರಿಸಿ ಅದು ಮುಚ್ಚಿದ್ದರೆ ತೊಲೆಯ ತುದಿ ಕೊಳೆಯೋಕೆ ಶುರುವಾಗಿರುತ್ತೆ.

ಬಿಸಿಬೇಳೆ
ಒಳಗಿನ ಹಬೆ ಅಂದ್ರಲ್ಲ, ನಮ್ಮ ಅಡುಗೆಗೆ ಅದು ಮುಖ್ಯ ವಿಷಯ. ಕುಕ್ಕರ್, ಸಾರು ಕುದಿಯೋದು, ಸ್ನಾನ, ಒಳಗೆ ಬಟ್ಟೆ ಒಣಗಿಸೋದು ಎಲ್ಲಾ ಸೇರಿದರೆ ದಿನಕ್ಕೆ ಹಲವು ಲೀಟರ್ ನೀರು ಗಾಳಿಗೆ ಸೇರುತ್ತೆ. ಒಂದು ಲೋಡ್ ಬಟ್ಟೆಯಿಂದಲೇ ಸುಮಾರು ಎರಡು ಲೀಟರ್. ಅದು ಮನೆಯಲ್ಲಿ ಅತಿ ತಣ್ಣಗಿರೋ ಜಾಗ ಹುಡುಕ್ಕೊಂಡು ಹೋಗಿ ನೀರಾಗುತ್ತೆ. ವಾರ್ಡ್‌ರೋಬ್ ಹಿಂದಿನ ಹೊರಗೋಡೆ, ಕಿಟಕಿ ಕೆಳಗಿನ ಮೂಲೆ. ಅಲ್ಲೇ ಬೂಸ್ಟು.

ಮನೆ ನೋಡೋಕೆ ಹೋದಾಗ ಚಿಮಣಿ ಹುಡ್ ಆನ್ ಮಾಡಿ, ಅದರ ಪೈಪ್ ಹೊರಗೆ ಹೋಗಿದೆಯಾ ಅಂತ ಕೇಳಿ. ಇಲ್ಲಿ ಎಷ್ಟೋ ಹುಡ್‌ಗಳು ಇದ್ದಿಲು ಫಿಲ್ಟರಿನಿಂದ ವಾಸನೆ ಹೀರಿ ಗಾಳಿಯನ್ನ ವಾಪಸ್ ಒಳಗೇ ಬಿಡ್ತವೆ. ಹಬೆ ಒಂದು ಹನಿಯೂ ಹೊರಗೆ ಹೋಗಲ್ಲ. ಕಟ್ಟಡ ನಿಯಮದ ಅಳತೆ ನೆನಪಿಡಿ: ಒಲೆಯ ಮೇಲೇ ಇರೋ ಫ್ಯಾನು ಸೆಕೆಂಡಿಗೆ 30 ಲೀಟರ್, ಅಡುಗೆಮನೆಯ ಬೇರೆ ಕಡೆ ಇದ್ದರೆ 60, ಬಚ್ಚಲಲ್ಲಿ 15. ಹೊರಗೋಡೆಗೆ ಹೊಸ ರಂಧ್ರ ಕೊರೀಬೇಕು ಅಂದರೆ ಲಿಸ್ಟೆಡ್ ಕಟ್ಟಡದಲ್ಲಿ (ಸರ್ಕಾರದ ಪಾರಂಪರಿಕ ಪಟ್ಟಿಗೆ ಸೇರಿದ್ದು) ಅನುಮತಿ ಬೇಕು. ಹಳೇ ಚಿಮಣಿಯ ಗೂಡಿನೊಳಗೆ ಪೈಪ್ ಎಳೆಯೋ ದಾರಿ ಇದೆಯಾ ಅಂತ ಮೊದಲು ನೋಡಿ.

ತೇವ ಅಳೆಯೋ ಸಣ್ಣ ಮೀಟರ್ ಒಂದು ಇಟ್ಕೊಳ್ಳಿ, 40ರಿಂದ 60 ಶೇಕಡಾ ನಡುವೆ ಇರಬೇಕು. ಬಟ್ಟೆ ಒಣಗಿಸೋಕೆ ಒಂದೇ ಕೋಣೆ, ಬಾಗಿಲು ಮುಚ್ಚಿ, ಡಿಹ್ಯೂಮಿಡಿಫೈಯರ್ ಹಾಕಿ. ಹೊರಗೋಡೆಗೆ ಬೀರು ಒತ್ತಿ ನಿಲ್ಲಿಸಬೇಡಿ, ನಾಲ್ಕು ಬೆರಳು ಬಿಡಿ. ಹೀಟಿಂಗ್ ಸಂಜೆ ಒಂದು ಗಂಟೆ ಜೋರಾಗಿ ಉರಿಸಿ ಆರಿಸೋದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಹೆಚ್ಚು ಹೊತ್ತು ಇಡೋದು ಕಲ್ಲುಗೋಡೆಗೆ ಒಳ್ಳೇದು.

ಅಲಾರಂ ನಿಯಮವನ್ನೂ ಹೇಳಿಬಿಡ್ತೀನಿ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲಾ ಮನೆಗೂ ಅನ್ವಯ: ಹೆಚ್ಚು ಹೊತ್ತು ಕೂರೋ ಕೋಣೆಗೆ ಒಂದು ಸ್ಮೋಕ್ ಅಲಾರಂ, ಪ್ರತಿ ಮಹಡಿಯ ಹಾಲ್ ಅಥವಾ ಲ್ಯಾಂಡಿಂಗಿಗೆ ಒಂದೊಂದು, ಅಡುಗೆಮನೆಗೆ ಹೀಟ್ ಅಲಾರಂ. ಎಲ್ಲಾ ಚಾವಣಿಯಲ್ಲಿರಬೇಕು, ಒಂದು ಕೂಗಿದರೆ ಎಲ್ಲಾ ಕೂಗಬೇಕು. ಗ್ಯಾಸ್ ಬಾಯ್ಲರ್ ಅಥವಾ ಒಲೆಗೂಡು ಇರೋ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ, ಅದನ್ನ ಜೋಡಿಸಬೇಕಿಲ್ಲ. ಬ್ಯಾಟರಿ ಮಾದರಿ ಆದರೆ ಬ್ಯಾಟರಿ ಸೀಲ್ ಆಗಿರಬೇಕು. ಅಡುಗೆಮನೆಯದು ಹೀಟ್ ಅಲಾರಂ ಆದ್ದರಿಂದ ಒಗ್ಗರಣೆಗೆ ಕೂಗಲ್ಲ. ಮೆಣಸಿನಕಾಯಿ ಹೊಗೆ ಹಾಲಿಗೆ ಹೋದರೆ ಮನೆಯಿಡೀ ಕೂಗುತ್ತೆ, ಬಾಗಿಲು ಮುಚ್ಚಿ ಒಗ್ಗರಣೆ ಹಾಕಿ.

ಒಂದು ಸಂತೋಷದ ವಿಷಯ: ಸ್ಕಾಟ್ಲೆಂಡಿನ ನೀರು ಮೃದು. ತೊಗರಿಬೇಳೆ ಬೇಗ ಬೇಯುತ್ತೆ, ಕೆಟಲಿನಲ್ಲಿ ಸುಣ್ಣ ಕಟ್ಟಲ್ಲ, ಸೋಪಿನಪುಡಿ ಪ್ಯಾಕೆಟ್ಟಿನಲ್ಲಿ ಮೃದುನೀರಿಗೆ ಬರೆದಷ್ಟೇ ಸಾಕು. ಆದರೆ ಮೃದುನೀರು ಸೀಸವನ್ನ ಕರಗಿಸುತ್ತೆ. 1970ಕ್ಕಿಂತ ಹಳೇ ಮನೆಯಲ್ಲಿ ಸಿಂಕಿನ ಕೆಳಗೆ ಮಂದ ಬೂದುಬಣ್ಣದ, ಉಗುರಲ್ಲಿ ಗೀಚಿದರೆ ಹೊಳೆಯೋ ಪೈಪ್ ಇದೆಯಾ ನೋಡಿ. ಇದ್ದರೆ ಸ್ಕಾಟಿಷ್ ವಾಟರಿಗೆ ಹೇಳಿ ಪರೀಕ್ಷೆ ಮಾಡಿಸಿ. ಮಗು ಇರೋ ಮನೆ, ಬಿಡಬೇಡಿ.

ಮಲೆನಾಡ ಮಳೆ
ಕಟ್ಟಡದಲ್ಲಿ ಒಟ್ಟು ಐದು ಫ್ಲಾಟ್, ಒಂದು ಅಂಗಡಿ. ಸೂರು ಸೋರಿದರೆ ಮೇಲ್ಮಹಡಿಯವರೇ ಕಟ್ಕೋಬೇಕಾ? ಪಕ್ಕದವರು ಕೊಡಲ್ಲ ಅಂದರೆ?

ದಸ್ತಾವೇಜು
ಮೊದಲು ಟೈಟಲ್ ಡೀಡ್ (ಮನೆಯ ಹಕ್ಕುಪತ್ರ) ಓದಿಸಿ. ಅದರಲ್ಲಿ ಪಾಲು ಬರೆದಿದ್ದರೆ ಅದೇ ನಡೆಯೋದು. ಇಲ್ಲದಿದ್ದರೆ, ಅಥವಾ ಬರೆದದ್ದು ಕೂಡಿಸಿದರೆ ನೂರಕ್ಕೆ ನೂರು ಬರದಿದ್ದರೆ, ಹಲವು ಮಾಲೀಕರ ಕಟ್ಟಡಗಳಿಗೆ ಇರೋ 2004ರ ಟೆನಮೆಂಟ್ಸ್ ಕಾಯ್ದೆ ಬರುತ್ತೆ. ಅದರ ಪ್ರಕಾರ ಸೂರು, ಅಡಿಪಾಯ, ಹೊರಗೋಡೆ ಕಾಪಾಡೋ ಖರ್ಚು ಎಲ್ಲರದ್ದು. ಕೆಳಗಿನ ಅಂಗಡಿಯೂ ಆ ಕಾಯ್ದೆಯ ಕಣ್ಣಿಗೆ ಒಂದು ‘ಫ್ಲಾಟ್’. ಸಮಪಾಲು, ಆದರೆ ಅತಿ ದೊಡ್ಡದರ ನೆಲದಳತೆ ಅತಿ ಚಿಕ್ಕದರ ಒಂದೂವರೆಪಟ್ಟು ಮೀರಿದರೆ ನೆಲದಳತೆಯ ಪ್ರಕಾರ ಹಂಚಬೇಕು. 9,000 ಪೌಂಡ್ ಕೆಲಸ, ಆರು ಘಟಕ, ಸಮಪಾಲಾದರೆ ತಲಾ 1,500.

ತೀರ್ಮಾನಕ್ಕೆ ಬಹುಮತ ಸಾಕು, ಘಟಕಕ್ಕೊಂದು ಮತ. ಆರರಲ್ಲಿ ನಾಲ್ಕು. ಎಲ್ಲಾ ಮಾಲೀಕರಿಗೂ ತಿಳಿಸಬೇಕು, ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿರೋರಿಗೂ. ಒಪ್ಪದವರು 28 ದಿನದೊಳಗೆ ಶೆರಿಫ್ ಕೋರ್ಟಿಗೆ (ಸ್ಥಳೀಯ ನ್ಯಾಯಾಲಯ) ಹೋಗಬಹುದು, ಹಾಗಾಗಿ ತುರ್ತಿಲ್ಲದ ಕೆಲಸವನ್ನ ಆ ಅವಧಿ ಮುಗಿದ ಮೇಲೆ ಶುರುಮಾಡಿ. ಕೆಲಸಕ್ಕೆ ಮುಂಚೆ ಪಾಲಿನ ದುಡ್ಡನ್ನ ಒಂದು ಖಾತೆಗೆ ಹಾಕಿಸೋ ಅವಕಾಶ ಕಾಯ್ದೆಯಲ್ಲೇ ಇದೆ, ಬಳಸಿ. ಕೆಲಸ ಆದ ಮೇಲೆ ವಸೂಲಿಗೆ ಓಡಾಡೋದು ಯಾರಿಗೂ ಬೇಡದ ಕಷ್ಟ. ನೀರು ಸುರೀತಿದೆ, ಕಲ್ಲು ರಸ್ತೆಗೆ ಬೀಳೋ ಹಾಗಿದೆ ಅಂದರೆ ಒಬ್ಬ ಮಾಲೀಕರೇ ತುರ್ತು ಕೆಲಸ ಮಾಡಿಸಿ ಎಲ್ಲರ ಪಾಲು ಕೇಳಬಹುದು.

ಕೊಳ್ಳೋರಿಗೆ ಬಲೆ ಇರೋದು ಇಲ್ಲಿ: ಹಿಂದಿನ ಮಾಲೀಕರು ಕೊಡದ ರಿಪೇರಿ ಪಾಲಿಗೆ ‘ನೋಟಿಸ್ ಆಫ್ ಪೊಟೆನ್ಶಿಯಲ್ ಲಯಬಿಲಿಟಿ’ ನೋಂದಣಿಯಾಗಿದ್ದು, ಅದು ನಿಮ್ಮ ಖರೀದಿಗೆ ಕನಿಷ್ಠ 14 ದಿನ ಮುಂಚಿನದಾದರೆ ಅದು ನಿಮ್ಮ ತಲೆಗೂ ಬರುತ್ತೆ. ಹುಡುಕಿಸಿ ನೋಡಿ. ವಿಮೆ ಪ್ರತಿ ಮಾಲೀಕರಿಗೂ ಕಡ್ಡಾಯ, ಅದೂ ಮಾರಾಟ ಬೆಲೆಗಲ್ಲ, ಮತ್ತೆ ಕಟ್ಟೋ ಖರ್ಚಿಗೆ. ಕಲ್ಲಿನ ಕಟ್ಟಡದಲ್ಲಿ ಆ ಖರ್ಚು ಮಾರಾಟ ಬೆಲೆಗಿಂತ ಹೆಚ್ಚಿರಬಹುದು. ಅಂಗಡಿಯವರ ಪಾಲಿಸಿ ಪ್ರತಿ ಕೇಳಿ ನೋಡೋ ಹಕ್ಕು ನಿಮಗಿದೆ.

ಶಾಲೆ ಗಂಟೆ
ಶಾಲೆ ಬಗ್ಗೆ ಚಿಕ್ಕದಾಗಿ. ವಿಳಾಸದ ಮೇಲೆ ಶಾಲೆ. ವೆಸ್ಟ್ ಲೋಥಿಯನ್ ಕೌನ್ಸಿಲಿನ ಪುಟದಲ್ಲಿ ಪೋಸ್ಟ್‌ಕೋಡ್ ಹಾಕಿ ಎರಡೂ ಮನೆಗೆ ಯಾವ ಪ್ರೈಮರಿ ಅಂತ ನೋಡಿ, ಹೈ ಸ್ಟ್ರೀಟಿಗೂ ಸ್ಪ್ರಿಂಗ್‌ಫೀಲ್ಡಿಗೂ ಬೇರೆ ಬೇರೆ ಬರಬಹುದು. ಆಗಸ್ಟಿನಲ್ಲಿ ಪಿ1 (ಪ್ರೈಮರಿಯ ಮೊದಲ ತರಗತಿ) ಶುರು. ಆ ವರ್ಷದ ಮಾರ್ಚ್ 1ರಿಂದ ಮುಂದಿನ ಫೆಬ್ರವರಿ ಕೊನೆಯೊಳಗೆ ಐದು ತುಂಬೋ ಮಕ್ಕಳು ಸೇರ್ತಾರೆ, ಅಂದರೆ ಕೆಲವರಿಗೆ ನಾಲ್ಕೂವರೆ ವರ್ಷಕ್ಕೇ ಶಾಲೆ. ಆಗಸ್ಟಿನಲ್ಲಿ ಇನ್ನೂ ನಾಲ್ಕೇ ಆಗಿದ್ದರೆ ಒಂದು ವರ್ಷ ಮುಂದೂಡಬಹುದು, ಆ ವರ್ಷದ ನರ್ಸರಿ ಖರ್ಚನ್ನೂ ಸರ್ಕಾರವೇ ಕೊಡುತ್ತೆ. ಮೂರು, ನಾಲ್ಕು ವರ್ಷದವರಿಗೆ ವರ್ಷಕ್ಕೆ 1,140 ಗಂಟೆ ನರ್ಸರಿ ಉಚಿತ. ಬೇರೆ ಶಾಲೆ ಬೇಕಾದರೆ ಪ್ಲೇಸಿಂಗ್ ರಿಕ್ವೆಸ್ಟ್ ಮಾರ್ಚ್ 15ರೊಳಗೆ. ಪಿ1ರಿಂದ ಪಿ5ರವರೆಗೆ ಮಧ್ಯಾಹ್ನದ ಊಟ ಉಚಿತ, ಸಸ್ಯಾಹಾರ ಅಂತ ಮೊದಲೇ ಬರೆದುಕೊಡಿ. ಐದು ತುಂಬಿದ ಮೇಲೆ 22ರವರೆಗೆ ಬಸ್ಸೂ ಉಚಿತ, ಕಾರ್ಡ್ ಮಾಡಿಸಬೇಕು.

ಆರೋಗ್ಯ: ಬಂದ ವಾರವೇ ಜಿಪಿ (ಸ್ಥಳೀಯ ಕುಟುಂಬ ವೈದ್ಯರು) ಹತ್ತಿರ ನೋಂದಣಿ ಮಾಡಿಸಿ. ಔಷಧ ಚೀಟಿಗೆ 2011ರಿಂದ ದುಡ್ಡಿಲ್ಲ, ಕಣ್ಣಿನ ಪರೀಕ್ಷೆಗೂ ಇಲ್ಲ. ಸಣ್ಣಪುಟ್ಟದಕ್ಕೆ ಮೊದಲು ಫಾರ್ಮಸಿ, ರಾತ್ರಿ ಹೊತ್ತಿಗೆ 111ಕ್ಕೆ ಫೋನ್, ತುರ್ತು ವಿಭಾಗ ಲಿವಿಂಗ್‌ಸ್ಟನ್‌ನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ. ನಮ್ಮ ಚರ್ಮದ ಬಣ್ಣದವರು ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ವರ್ಷವಿಡೀ ತಗೊಳ್ಳಬೇಕು ಅನ್ನೋದು ಇಲ್ಲಿಯ ಅಧಿಕೃತ ಸಲಹೆ.

ಕಾಲುವೆ ದಂಡೆ
ಅಕ್ಕಪಕ್ಕದ ವಿಷಯ ಸ್ವಲ್ಪ. ಸಾಮಾನ್ಯ ಮೆಟ್ಟಿಲಿನ ಓಣಿಗೆ ‘ಕ್ಲೋಸ್’ ಅಂತಾರೆ. ಅದು ಬೆಂಕಿ ಬಿದ್ದಾಗ ಎಲ್ಲರೂ ಓಡೋ ಒಂದೇ ದಾರಿ, ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಪ್ರಾಮ್ ಅಲ್ಲಿ ಇಡಬಾರದು. ಚಪ್ಪಲಿ ಗೂಡು ಬಾಗಿಲ ಒಳಗೇ ಇರಲಿ. ಮೆಟ್ಟಿಲು ತೊಳೆಯೋ ಸರದಿ ಇದ್ದರೆ ಬಂದ ಮೊದಲ ವಾರವೇ ಕೇಳಿ ತಿಳ್ಕೊಳ್ಳಿ.

ಫುಟ್‌ಪಾತ್ ಮೇಲೆ ಎರಡು ಚಕ್ರ ಹತ್ತಿಸಿ ಕಾರ್ ನಿಲ್ಲಿಸೋದನ್ನೂ ಕಾನೂನು ನಿಷೇಧಿಸಿದೆ, ದಂಡ 100 ಪೌಂಡ್, ಬೇಗ ಕಟ್ಟಿದರೆ 50. ಜೂನ್ ತಿಂಗಳ ಎರಡನೇ ಗುರುವಾರದ ನಂತರ ಬರೋ ಮಂಗಳವಾರ ಮಾರ್ಚಸ್ ಹಬ್ಬ. ಊರಿನ ಗಡಿಗಳನ್ನ ಮೆರವಣಿಗೆಯಲ್ಲಿ ನೋಡಿ ಬರೋ ಹಳೇ ಪದ್ಧತಿ, ಹತ್ತಿರದ ಬ್ಲ್ಯಾಕ್‌ನೆಸ್ ಹಳ್ಳಿವರೆಗೆ ಹೋಗ್ತಾರೆ. ನಸುಕಿಗೇ ಕೊಳಲು, ತಮಟೆ. ಅವತ್ತು ಹೈ ಸ್ಟ್ರೀಟಿನಲ್ಲಿ ಗಾಡಿ ಇಡಬೇಡಿ, ಕೆಲಸಕ್ಕೆ ರಜೆ ಹಾಕಿ ಮಗಳನ್ನ ಕರ್ಕೊಂಡು ಕೆಳಗಿಳೀರಿ. ಈ ಊರಿನವರ ಗೆಳೆತನ ಆಗೋದು ಅವತ್ತೇ.

ಕೆರೆ ಸುತ್ತ ಸುಮಾರು ಎರಡೂಕಾಲು ಮೈಲಿ ದಾರಿ, ಬಹಳ ಚೆನ್ನ. ಆದರೆ ಬೇಸಿಗೆಯಲ್ಲಿ ನೀರಲ್ಲಿ ನೀಲಿ-ಹಸಿರು ಪಾಚಿ ಬರುತ್ತೆ, ಅದು ವಿಷ. ಎಚ್ಚರಿಕೆ ಫಲಕ ಹಾಕಿದ್ದಾಗ ಮಕ್ಕಳ ಕಾಲು ನೀರಿಗೆ ಇಳಿಸಬೇಡಿ. ದೀಪಾವಳಿ ಪಟಾಕಿಗೆ ಸಮಯ ಸಂಜೆ ಆರರಿಂದ, ಅವತ್ತು ಮಾತ್ರ ರಾತ್ರಿ ಒಂದರವರೆಗೆ. ಆದರೆ ರಿಗ್‌ಗಳು ಕಿರಿದು, ಸುತ್ತ ಮರದ ಬೇಲಿ, ಅಲ್ಲಿ ಹಚ್ಚೋದು ಅಪಾಯ.

ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಅಂದು ನಿಂತುಹೋದರೆ, ಮೊದಲು ಹೊರಗಿನ ಸಣ್ಣ ಪ್ಲಾಸ್ಟಿಕ್ ಪೈಪ್ ಹೆಪ್ಪುಗಟ್ಟಿದೆಯಾ ನೋಡಿ. ಉಗುರುಬೆಚ್ಚಗಿನ ನೀರು ಅದರ ಮೇಲೆ ಹೊಯ್ದು ರೀಸೆಟ್ ಒತ್ತಿ, ಕುದಿಯೋ ನೀರು ಬೇಡ, ಪೈಪ್ ಸೀಳುತ್ತೆ. ಮನೆಯ ನೀರು ನಿಲ್ಲಿಸೋ ವಾಲ್ವ್ ಎಲ್ಲಿದೆ, ರಸ್ತೆಯಲ್ಲಿರೋ ‘ಟೋಬಿ’ (ಹೊರಗಿನ ನೀರಿನ ವಾಲ್ವ್) ಮುಚ್ಚಳ ಎಲ್ಲಿದೆ ಅಂತ ಬೀಗದ ಕೈ ತಗೊಳ್ಳೋ ದಿನವೇ ಕೇಳಿಟ್ಕೊಳ್ಳಿ.

ಮಲೆನಾಡ ಮಳೆ
ಕಿಟಕಿಗಳು ಹಳೇ ಕಾಲದ ಮೇಲೆ ಕೆಳಗೆ ಜಾರೋ ಮರದ ಕಿಟಕಿ. ಚಳಿಗಾಳಿ ನುಗ್ಗುತ್ತೆ. ಪ್ಲಾಸ್ಟಿಕ್ ಡಬಲ್ ಗ್ಲೇಜಿಂಗ್ ಹಾಕಬಹುದಾ?

ಗಾರೆ ಕರಣಿ
ಹೈ ಸ್ಟ್ರೀಟ್ ಸಂರಕ್ಷಿತ ಪ್ರದೇಶ, ಮುಂಭಾಗದ ಕಿಟಕಿಯ ರೂಪ ಬದಲಿಸೋಕೆ ಅನುಮತಿ ಬೇಕು. ಕಟ್ಟಡವೇ ಲಿಸ್ಟೆಡ್ ಆಗಿದ್ದರೆ (ಎ, ಬಿ, ಸಿ ಯಾವ ದರ್ಜೆಯಾದರೂ) ಒಳಗಿನ ಬದಲಾವಣೆಗೂ ಒಪ್ಪಿಗೆ ಬೇಕು, ಇಲ್ಲದೆ ಮಾಡಿದರೆ ಅದು ಅಪರಾಧ. ಹಿಂದಿನ ಮಾಲೀಕರು ಒಪ್ಪಿಗೆ ಇಲ್ಲದೆ ಹಾಕಿದ ಪ್ಲಾಸ್ಟಿಕ್ ಕಿಟಕಿಯನ್ನ ತೆಗೆಸೋ ನೋಟಿಸು ಈಗಿನ ಮಾಲೀಕರಿಗೇ ಬರುತ್ತೆ.

ಇರೋ ಕಿಟಕಿಯನ್ನೇ ಸರಿಮಾಡಿ. ಹಗ್ಗ ಬದಲಿಸಿ, ತೂಕ ಸರಿಯಿದೆಯಾ ನೋಡಿ, ಚೌಕಟ್ಟಿಗೆ ಬ್ರಷ್ ಪಟ್ಟಿ ಕೂರಿಸಿ. ಗಾಳಿ ನುಗ್ಗೋದು ಹೆಚ್ಚಾಗಿ ಗಾಜಿನಿಂದಲ್ಲ, ಎರಡು ಪಲ್ಲೆ ಸೇರೋ ನಡುಪಟ್ಟಿ ಮತ್ತು ಬದಿಯ ಸಂದಿನಿಂದ. ಒಳಗಡೆ ಸೆಕೆಂಡರಿ ಗ್ಲೇಜಿಂಗ್ (ಇರೋ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಪದರ) ಹಾಕಿದರೆ ಚಳಿಯೂ ಕಡಿಮೆ, 100 ಮಿ.ಮೀ. ಅಥವಾ ಮೇಲೆ ಅಂತರ ಬಿಟ್ಟರೆ ರೈಲು, ಬಸ್ಸಿನ ಸದ್ದೂ ಕಡಿಮೆ. ಗೋಡೆಯ ಪಕ್ಕದ ಪೆಟ್ಟಿಗೆಯಲ್ಲಿ ಹಳೇ ಮರದ ಬಾಗಿಲುಗಳು ಮಡಚಿಕೊಂಡು ಕೂತಿರಬಹುದು, ಪೇಂಟ್ ಬಳಿದು ಮುಚ್ಚಿರ್ತಾರೆ. ಬಿಡಿಸಿದರೆ ರಾತ್ರಿ ಮುಚ್ಚೋಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಮಲೆನಾಡ ಮಳೆ
ಎಡಿಎಸ್ ಸೇರಿಸಿ ಲೆಕ್ಕ ಹಾಕಿದೆವು, ಆದರೂ ಹೈ ಸ್ಟ್ರೀಟ್ ಫ್ಲಾಟನ್ನ ಕೈಬಿಟ್ಟಿಲ್ಲ. ಇನ್ನೊಂದು ಸಲ ನೋಡೋಕೆ ಹೋಗ್ತಿದ್ದೇವೆ. ಏನು ತಗೊಂಡು ಹೋಗ್ಲಿ?

ಗಾರೆ ಕರಣಿ
ಮಳೆ ಸುರಿಯೋ ದಿನವೇ ಹೋಗಿ. ಒಂದು ಬೈನಾಕ್ಯುಲರ್, ಜೋರಾದ ಟಾರ್ಚು ಸಾಕು. ಮೊದಲು ರಸ್ತೆ ಎದುರು ಬದಿ ನಿಂತು ಗಟರ್ ಎಲ್ಲಿ ತುಂಬಿ ಹರೀತಿದೆ ನೋಡಿ, ಚಿಮಣಿಯ ಬುಡದ ಸೀಸದ ತಗಡು ಎದ್ದಿದೆಯಾ ನೋಡಿ. ಹಿಂದಿನ ರಿಗ್ ಕಡೆಯಿಂದಲೂ ಹಾಗೇ. ಸ್ಲೇಟಿನ ಮೇಲೆ ಸಸಿ ಬೆಳೆದಿದ್ದರೆ ಅಲ್ಲಿ ಮಣ್ಣು ಕೂತಿದೆ ಅಂತ. ಮೇಲಕ್ಕೆ ಹೋಗಿ ಗೋಡೆಯೊಳಗಿನ ಕಪಾಟುಗಳ ಬಾಗಿಲು ತೆಗೆದು ಮೂಸಿ ನೋಡಿ, ಅಣಬೆ ವಾಸನೆ ಬರಬಾರದು. ಅಟ್ಟಕ್ಕೆ ಹತ್ತೋಕೆ ಬಿಡಿ ಅಂತ ಕೇಳಿ, ಟಾರ್ಚನ್ನ ಹಲಗೆಗಳ ಉದ್ದಕ್ಕೂ ಓರೆಯಾಗಿ ಹಾಯಿಸಿ. ಕಪ್ಪು ಉಂಗುರದಂಥ ಕಲೆ ಒಣಗಿದ್ದರೆ ಹಳೇ ಸೋರಿಕೆ, ಕೈಗೆ ತಣ್ಣಗೆ ಒದ್ದೆ ಹತ್ತಿದರೆ ಈಗಿನದು. ಒದ್ದೆ ಇದ್ದರೆ ಫೋಟೋ ತೆಗೆದು ಸಾಲಿಸಿಟರಿಗೆ ಕಳಿಸಿ, ಸೂರಿನವರಿಂದ ಅಂದಾಜುಪಟ್ಟಿ ಬರೋವರೆಗೆ ಬೆಲೆ ಬರೀಬೇಡಿ.